ಬಾಯಿಯ ಹುಣ್ಣು: ಪರೀಕ್ಷೆಯಿಂದ ಚಿಕಿತ್ಸೆಯವರೆಗೆ

ಸೇಡಂ, ಚಿತ್ತಾಪುರ, ಚಿಂಚೋಳಿಗಳದು ತೊಗರಿಯ ನೆಲ. ಶಹಾಬಾದಿನದು ಕಲ್ಲಿನ ಗಣಿ. ವಾಡಿ, ಆದಿತ್ಯನಗರಗಳದು ಸಿಮೆಂಟು. ಈ ಭಾಗದಲ್ಲಿ ಬಿಸಿಲಿನಲ್ಲಿ ದುಡಿಯುವ ಎಷ್ಟೋ ಜನರಿಗೆ ಸುಣ್ಣ ತಿಕ್ಕಿದ ಒಂದು ಚಿಟಿಕೆ ತಂಬಾಕು ದಣಿವನ್ನು ಮರೆಸುವ ಸಂಗಾತಿ. 2013ರಲ್ಲಿ ರಾಜ್ಯ ಸರ್ಕಾರವು ಗುಟ್ಕಾವನ್ನು ನಿಷೇಧಿಸಿತು. ಚಟ ಮಾತ್ರ ಅಳಿಯಲಿಲ್ಲ. ಅದರ ಬೆಲೆಯನ್ನು ತೆರುವುದು ಬಾಯಿ.

ಮೂರು ವಾರ ಕಳೆದರೂ ಮಾಯದ ಹುಣ್ಣು, ಕೆನ್ನೆಯೊಳಗಿನ ಬಿಳಿಯ ಅಥವಾ ಕೆಂಪು ಮಚ್ಚೆ, ಬರಬರುತ್ತ ಕಿರಿದಾಗುವ ಬಾಯಿ: ಇವುಗಳಲ್ಲಿ ನೋವು ಇರಲೇಬೇಕೆಂದಿಲ್ಲ. ಆದುದರಿಂದಲೇ ಜನ ತಡಮಾಡುತ್ತಾರೆ. ಇವೆಲ್ಲವೂ ಕ್ಯಾನ್ಸರ್ ಅಲ್ಲ. ಆದರೆ ಹೌದೋ ಅಲ್ಲವೋ ಎಂಬುದನ್ನು ನಿಶ್ಚಯವಾಗಿ ಹೇಳಬಲ್ಲುದು ಸೂಕ್ಷ್ಮದರ್ಶಕವೇ ಹೊರತು ಬರಿಗಣ್ಣಲ್ಲ.

ಅದಕ್ಕಾಗಿಯೇ ಬಯಾಪ್ಸಿ. ಆ ಜಾಗಕ್ಕೆ ಮರಗಟ್ಟುವ ಚುಚ್ಚುಮದ್ದನ್ನು ಕೊಟ್ಟು ಸಣ್ಣ ಚೂರೊಂದನ್ನು ತೆಗೆಯುತ್ತಾರೆ. ಸಾಮಾನ್ಯವಾಗಿ ರೋಗಿ ಅಂದೇ ಮನೆಗೆ ಮರಳಬಹುದು. ಕತ್ತಿ ತಾಗಿದರೆ ರೋಗ ಹಬ್ಬುತ್ತದೆಂಬ ಭಯಕ್ಕೆ ಇಲ್ಲಿ ಆಧಾರವಿಲ್ಲ. ಆ ಭಯದಲ್ಲಿ ಕಳೆದ ತಿಂಗಳುಗಳೇ ರೋಗವನ್ನು ಬೆಳೆಸುತ್ತವೆ. ಕ್ಯಾನ್ಸರ್ ಎಂದು ಖಚಿತವಾದ ಮೇಲೆ, ಅದು ಎಲ್ಲಿಯವರೆಗೆ ವ್ಯಾಪಿಸಿದೆಯೆಂದು ತಿಳಿಯಲು ಸ್ಕ್ಯಾನ್ ಮಾಡುತ್ತಾರೆ, ಹಂತವನ್ನು ಗೊತ್ತುಪಡಿಸುತ್ತಾರೆ.

ಮೊದಲ ಹಂತಗಳಲ್ಲಿ ಶಸ್ತ್ರಚಿಕಿತ್ಸೆಯೊಂದೇ ಅನೇಕ ವೇಳೆ ಸಾಕಾಗುತ್ತದೆ. ಮುಂದುವರಿದಿದ್ದರೆ ಅದರ ಬೆನ್ನಿಗೆ ವಿಕಿರಣ ಚಿಕಿತ್ಸೆ, ಕೆಲವರಿಗೆ ಅದರೊಡನೆ ಔಷಧಿಯ ಚಿಕಿತ್ಸೆಯೂ ಬೇಕು. ವಿಕಿರಣವೆಂದರೆ ಸುಡುವುದಲ್ಲ. ವಾರಕ್ಕೆ ಐದು ದಿನದಂತೆ ಸುಮಾರು ಆರು ವಾರ, ದಿನಕ್ಕೆ ಕೆಲವೇ ನಿಮಿಷ. ಕಿರಣ ಬೀಳುವಾಗ ನೋವಿಲ್ಲ. ಹೊರಗಿನಿಂದ ಕೊಡುವ ಈ ಕಿರಣ ರೋಗಿಯ ಮೈಯಲ್ಲಿ ಉಳಿಯದು. ಮಕ್ಕಳನ್ನು ಹತ್ತಿರ ಕೂರಿಸಿಕೊಳ್ಳಲು ಅಂಜಬೇಕಿಲ್ಲ. ಎರಡು ಮೂರು ವಾರಗಳಾದ ಮೇಲೆ ಬಾಯಿ ಹುಣ್ಣಾಗುತ್ತದೆ, ಜೊಲ್ಲು ಬತ್ತುತ್ತದೆ, ರುಚಿ ಕೆಡುತ್ತದೆ. ಚಿಕಿತ್ಸೆಯನ್ನು ಬಿಟ್ಟು ಊರಿಗೆ ಹೊರಡುವ ಮನಸ್ಸಾಗುವುದು ಆಗಲೇ. ನಡುವೆ ನಿಲ್ಲಿಸಿದರೆ ಅಳಿದುಳಿದ ಕೋಶಗಳು ಮತ್ತೆ ಚಿಗುರುತ್ತವೆ; ಪಟ್ಟ ಕಷ್ಟದ ಫಲ ಕೈತಪ್ಪಬಹುದು. ನೋವಿಗೆ ಔಷಧಿಯನ್ನೂ ಮೆತ್ತನೆಯ ಆಹಾರವನ್ನೂ ಕೇಳಿ ಪಡೆಯಬೇಕು. ಔಷಧಿಯ ಚಿಕಿತ್ಸೆ ನಡೆಯುವಾಗ ಜ್ವರ ಬಂದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯ ಶಾಖೆ ಕಲಬುರಗಿಯಲ್ಲಿಯೇ ಇದೆ. ಬಡತನದ ರೇಖೆಗಿಂತ ಕೆಳಗಿರುವವರು 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ನೆರವನ್ನು ಮೊದಲೇ ವಿಚಾರಿಸಬೇಕು.

ಚಿಕಿತ್ಸೆ ಮುಗಿಯಿತೆಂದರೆ ಆಸ್ಪತ್ರೆಯ ಸಂಬಂಧ ಮುಗಿಯಿತೆಂದಲ್ಲ. ರೋಗ ಮರುಕಳಿಸುವುದು ಹೆಚ್ಚಾಗಿ ಮೊದಲ ಎರಡು ವರ್ಷಗಳಲ್ಲಿ. ಹೇಳಿದ ದಿನ ಹೋಗಿ ತೋರಿಸಿಕೊಳ್ಳುವುದೂ ಚಿಕಿತ್ಸೆಯ ಭಾಗವೇ. ತಂಬಾಕನ್ನು ಪೂರ್ತಿಯಾಗಿ ಬಿಡುವುದು ಅದಕ್ಕಿಂತ ಮೊದಲಿನ ಭಾಗ.