ಸರ್ಕಾರಿ ಕೆಲಸಕ್ಕೆ ಮುನ್ನ ಪೊಲೀಸ್ ತನಿಖೆ: ಸಾಲ, ಕೇಸು ಮುಚ್ಚಿಡಬೇಡಿ

ಗೂಡಲೂರು: ಅರುವಂಕಾಡಿನ ಕಾರ್ಡೈಟ್ ಕಾರ್ಖಾನೆ, ವೆಲ್ಲಿಂಗ್ಟನ್‌ನ ಸೇನಾ ಸಂಸ್ಥೆಗಳು, ಬ್ಯಾಂಕುಗಳು. ನೀಲಗಿರಿಯ ಯುವಕರು ಕೆಲಸಕ್ಕಾಗಿ ನೋಡುವುದು ಹೆಚ್ಚಾಗಿ ಇವನ್ನೇ. ಪರೀಕ್ಷೆ ಪಾಸಾದರೆ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಆಮೇಲೆ ನಿಮ್ಮ ಹಿನ್ನೆಲೆಯ ತನಿಖೆ ಇರುತ್ತದೆ.

ಕೇಂದ್ರ ಸರ್ಕಾರದ ಕೆಲಸಕ್ಕೆ ಆಯ್ಕೆಯಾದವರು ದೃಢೀಕರಣ ಪತ್ರ ತುಂಬಬೇಕು. ಕಳೆದ 5 ವರ್ಷಗಳಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇದ್ದ ಊರುಗಳ ವಿಳಾಸ ಕೊಡಬೇಕು. ಮಸಿನಗುಡಿಯವರು ಮೈಸೂರಿನಲ್ಲಿ ಓದಿದ್ದರೆ, ಗುಂಡ್ಲುಪೇಟೆಯಲ್ಲೋ ವಯನಾಡಿನಲ್ಲೋ ದುಡಿದಿದ್ದರೆ ಅದನ್ನೂ ಬರೆಯಬೇಕು. ತಮಿಳು ದಾಖಲೆಯಲ್ಲಿ ಒಂದು ಇನಿಷಿಯಲ್, ಕನ್ನಡ ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ಮೊದಲೇ ಸರಿಪಡಿಸಿಕೊಳ್ಳಿ.

ಬಂಧನ, ವಿಚಾರಣೆ, ಕೋರ್ಟು ವಿಧಿಸಿದ ದಂಡ, ಬಾಕಿ ಇರುವ ಕೇಸು ಎಲ್ಲವನ್ನೂ ಪತ್ರ ಕೇಳುತ್ತದೆ. ಅರಣ್ಯ ಕೇಸಿನಲ್ಲಿ ಕೋರ್ಟಿಗೆ ದಂಡ ಕಟ್ಟಿದ್ದರೂ ಹೇಳಲೇಬೇಕು. ಪತ್ರ ಕೊಟ್ಟ ಮೇಲೆ ಕೇಸು ಬಿದ್ದರೆ ಕೂಡಲೇ ತಿಳಿಸಬೇಕು. ಸುಳ್ಳು ಬರೆದರೆ, ಮುಚ್ಚಿಟ್ಟರೆ ಅದೇ ಅನರ್ಹತೆಗೆ ಕಾರಣ ಎಂದು ಪತ್ರದ ಮೇಲ್ಭಾಗದಲ್ಲೇ ಎಚ್ಚರಿಕೆ ಇದೆ.

ನಿಜ ಹೇಳಿದರೆ ಕೆಲಸ ಹೋಗುವುದಿಲ್ಲವೇ? ಅವತಾರ್ ಸಿಂಗ್ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ದಾರಿ ತೋರಿದೆ. ಸಣ್ಣಪುಟ್ಟ ಕೇಸನ್ನು ಮುಚ್ಚಿಟ್ಟಿದ್ದರೂ ಅಧಿಕಾರಿಗಳು ವಿವೇಚನೆಯಿಂದ ಮನ್ನಿಸಬಹುದು. ಹಲವು ಕೇಸು ಬಾಕಿ ಇದ್ದು ಬೇಕೆಂದೇ ಮುಚ್ಚಿಟ್ಟರೆ ಅದೇ ದೊಡ್ಡ ತಪ್ಪು. ನಿಜ ಹೇಳಿದವರನ್ನೂ ತೆಗೆದುಕೊಳ್ಳಲೇಬೇಕೆಂದಿಲ್ಲ. ಆದರೂ ಅವರ ಪರವಾಗಿ ವಾದಿಸಲು ಜಾಗವಿರುತ್ತದೆ.

ಇನ್ನು ಸಾಲದ ಮಾತು. ಸಾಲ ಮಾಡುವುದು ಅಪರಾಧವಲ್ಲ. ಆದರೆ ಸಾಲದಲ್ಲಿ ಮುಳುಗಿದವರನ್ನು ಹಣದ ಆಸೆ ತೋರಿಸಿ ಬಲೆಗೆ ಹಾಕುವುದು ಸುಲಭ. ಕಾರವಾರದ ನೌಕಾನೆಲೆಯ ಮಾಹಿತಿಯನ್ನು ಹಣಕ್ಕಾಗಿ ಕೊಟ್ಟ ಆರೋಪದ ಮೇಲೆ 2025ರ ಫೆಬ್ರವರಿಯಲ್ಲಿ ರಾಷ್ಟ್ರೀಯ ತನಿಖಾ ದಳ ಇಬ್ಬರನ್ನು ಬಂಧಿಸಿತು. ಕೇಂದ್ರ ನೌಕರರು ಸದಾ ಸಾಲಗಾರರಾಗಿ ಇರದಂತೆ ತಮ್ಮ ವ್ಯವಹಾರ ನೋಡಿಕೊಳ್ಳಬೇಕು ಎಂದು 1964ರ ನಡತೆ ನಿಯಮಗಳಲ್ಲಿ 17ನೆಯದು ಹೇಳುತ್ತದೆ.

ಬ್ಯಾಂಕುಗಳು ಇನ್ನೂ ಕಟ್ಟುನಿಟ್ಟು. ಸಾಲದ ಕಂತು ತಪ್ಪಿಸಿದ್ದ ಅಭ್ಯರ್ಥಿಯೊಬ್ಬರ ನೇಮಕವನ್ನು ಸ್ಟೇಟ್ ಬ್ಯಾಂಕ್ ರದ್ದುಮಾಡಿತ್ತು. ಅರ್ಜಿ ಕರೆಯುವ ಹೊತ್ತಿಗೆ ಎಲ್ಲ ತೀರಿಸಿದ್ದೆ ಎಂದು ಅವರು ವಾದಿಸಿದರು. ಮದ್ರಾಸ್ ಹೈಕೋರ್ಟು 2025ರ ಜೂನ್‌ನಲ್ಲಿ ಬ್ಯಾಂಕಿನ ಕ್ರಮವನ್ನೇ ಎತ್ತಿಹಿಡಿಯಿತು.

ನೀವು ಮಾಡಬೇಕಾದ್ದು:

* ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಕ್ರಿಫ್ ಹೈಮಾರ್ಕ್ ಈ ನಾಲ್ಕೂ ಕಂಪನಿಗಳಿಂದ ವರ್ಷಕ್ಕೊಮ್ಮೆ ಸಾಲದ ವರದಿ ಉಚಿತ. ತರಿಸಿ ನೋಡಿ.
* ತಪ್ಪಿದ್ದರೆ ದೂರು ಕೊಡಿ. 30 ದಿನದಲ್ಲಿ ಸರಿಯಾಗದಿದ್ದರೆ ದಿನಕ್ಕೆ 100 ರೂ. ಪರಿಹಾರಕ್ಕೆ ರಿಸರ್ವ್ ಬ್ಯಾಂಕ್ ನಿಯಮ ಇದೆ.
* ನೆಂಟರಿಷ್ಟರಿಗೆ ಜಾಮೀನು ನಿಂತ ಸಾಲವೂ ನಿಮ್ಮ ವರದಿಯಲ್ಲಿ ಬರುತ್ತದೆ. ಸಹಿ ಹಾಕುವ ಮುನ್ನ ಯೋಚಿಸಿ.
* ಸಾಲ ತೀರಿದ ಮೇಲೆ ಬಾಕಿ ಇಲ್ಲವೆಂಬ ಪತ್ರ ಪಡೆದು ಜೋಪಾನವಾಗಿಡಿ.
* ಪತ್ರವನ್ನು ಬೇರೆಯವರ ಕೈಯಲ್ಲಿ ತುಂಬಿಸಿದರೂ ಪ್ರತಿ ಸಾಲನ್ನೂ ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ. ಪ್ರತಿಯೊಂದನ್ನು ನಿಮ್ಮ ಬಳಿ ಇಟ್ಟುಕೊಳ್ಳಿ.