ತಂತಿಯ ಒಡೆತನವೂ ತೂಬಿನ ನ್ಯಾಯವೂ

ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲವು ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ ಹರಕೆ ಹೊತ್ತು ಬರುವ ಹಿಂದೂ ಮುಸಲ್ಮಾನರಿಗೂ, ಮುಕ್ತೀಶ್ವರಸ್ವಾಮಿಯ ದರ್ಶನಕ್ಕೆ ಬರುವ ಭಕ್ತರಿಗೂ ಬಹುಕಾಲದಿಂದ ಪರಿಚಿತವಾದ ಊರು. ಆಂಧ್ರದ ಗಡಿ ದೂರವಿಲ್ಲವಾದ್ದರಿಂದ ಕನ್ನಡ, ತೆಲುಗು, ಉರ್ದು ಮೂರೂ ಇಲ್ಲಿ ಒಂದೇ ಅಂಗಡಿಯ ಕಟ್ಟೆಯ ಮೇಲೆ ಕೂತು ವ್ಯಾಪಾರ ಮಾಡುತ್ತವೆ. ಇಂಥ ಊರಿನಲ್ಲಿ ನಿಂತು, ಅಂತರ್ಜಾಲ ಸೇವೆಯನ್ನೊದಗಿಸುವ ಸಂಸ್ಥೆಗಳ ಮೇಲೆ ಸರ್ಕಾರದ ನಿಯಂತ್ರಣ ಎಷ್ಟಿರಬೇಕು, ಹೇಗಿರಬೇಕು ಎಂಬುದನ್ನು ವಿಚಾರಿಸಹೊರಡುವುದು ಕೆಲವರಿಗೆ ಅಸಂಗತವೆಂದು ತೋರೀತು. ಅದು ದಿಲ್ಲಿಯ ಕಚೇರಿಗಳಲ್ಲಿಯೂ ಬೆಂಗಳೂರಿನ ಸಭಾಂಗಣಗಳಲ್ಲಿಯೂ ನಡೆಯತಕ್ಕ ವಾದವೆಂಬುದು ಸಾಮಾನ್ಯ ಗ್ರಹಿಕೆ. ಆದರೆ ಬೆಂಗಳೂರಿನವನಿಗೆ ಒಂದು ಸಂಸ್ಥೆ ಕೈಕೊಟ್ಟರೆ ಇನ್ನೊಂದುಂಟು. ಒಂದೇ ಟವರಿನ ಸಿಗ್ನಲ್ಲನ್ನು ನೆಚ್ಚಿಕೊಂಡ ಹಳ್ಳಿಯವನಿಗೆ ಆ ಅನುಕೂಲವಿಲ್ಲ. ಈ ವಾದದ ಬಿಸಿ ಮೊದಲು ತಟ್ಟುವುದು ಹೋಬಳಿಗೆ.

ಪಡಿತರ ಹಂಚುವ ದಿನ ಈ ಸೀಮೆಯ ಯಾವುದಾದರೊಂದು ನ್ಯಾಯಬೆಲೆ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು. ಬೆರಳ ತುದಿಯನ್ನು ಸೆರಗಿಗೆ ಒರೆಸಿಕೊಂಡು ಮುದುಕಿಯೊಬ್ಬಳು ಯಂತ್ರದ ಗಾಜಿನ ಮೇಲೆ ಹೆಬ್ಬೆಟ್ಟು ಒತ್ತುತ್ತಾಳೆ. ಪರದೆಯ ಮೇಲೆ ಚಕ್ರ ಸುತ್ತುತ್ತದೆ, ಸುತ್ತುತ್ತಲೇ ಇರುತ್ತದೆ. ಅಂಗಡಿಯವನು ಎದ್ದು ಬಂದು ಯಂತ್ರವನ್ನು ಬಾಗಿಲಾಚೆ ಬಯಲಿಗೆ ಎತ್ತಿ ಹಿಡಿಯುತ್ತಾನೆ. ಕಡೆಗೆ, "ಸರ್ವರ್ ಇಲ್ಲ ಕಣವ್ವ, ಮಧ್ಯಾಹ್ನದ ಮೇಲೆ ಬಾ" ಎನ್ನುತ್ತಾನೆ. ಅಕ್ಕಿ ಒಳಗೆ ಮೂಟೆಯಲ್ಲಿದೆ, ಕಾರ್ಡು ಆಕೆಯ ಕೈಯಲ್ಲಿದೆ, ತಕ್ಕಡಿ ಎದುರಿಗಿದೆ. ಇಲ್ಲದಿರುವುದು ನಡುವಣ ಎಳೆಯೊಂದು ಮಾತ್ರ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿಯೂ, ಒಂದು ಕಾಲಕ್ಕೆ ರೀಲರುಗಳು ಲಾಟಿನ ಸುತ್ತ ನಿಂತು ಬಾಯಿಮಾತಿನಲ್ಲಿ ಕೂಗುತ್ತಿದ್ದ ಹರಾಜು ಈಗ ಮೊಬೈಲಿನೊಳಗೆ ನಡೆಯುತ್ತದೆ. ಗೂಡು ಕಾಯುವ ಸರಕಲ್ಲ. ಕೆಲವು ದಿನ ಮೀರಿದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತುಮಾಡಿ ಹೊರಬೀಳುತ್ತದೆ, ಅಲ್ಲಿಗೆ ನೂಲಿನ ಕಥೆ ಮುಗಿಯಿತು. ಇಷ್ಟರಮಟ್ಟಿಗೆ ಜೀವನಾಧಾರವಾಗಿರುವ ವಸ್ತುವನ್ನು ಮಾರುವವನ ಮರ್ಜಿಗೂ ಕೊಳ್ಳುವವನ ಅದೃಷ್ಟಕ್ಕೂ ಬಿಟ್ಟುಬಿಡಬೇಕೆಂದು ವಾದಿಸುವುದು ಗೂಡು ಬೆಳೆದವನ ಮುಂದೆ ಸುಲಭವಲ್ಲ.

ಹಾಗಾದರೆ ಈ ಎಳೆಯ ಒಡೆಯನಾರು? 1885ರ ಭಾರತೀಯ ಟೆಲಿಗ್ರಾಫ್ ಕಾಯಿದೆಯ 4ನೆಯ ಪ್ರಕರಣವು ತಂತಿಸಂಪರ್ಕವನ್ನು ಸ್ಥಾಪಿಸಿ ನಡೆಸುವ ಅನನ್ಯಾಧಿಕಾರ ಸರ್ಕಾರದ್ದೆಂದೂ, ಇತರರು ಅದಕ್ಕೆ ಕೈಹಾಕಬೇಕಾದರೆ ಲೈಸೆನ್ಸು ಪಡೆಯತಕ್ಕದ್ದೆಂದೂ ವಿಧಿಸಿತು. ಪರಕೀಯ ಪ್ರಭುತ್ವಕ್ಕೆ ತಂತಿಯೆಂಬುದು ಪ್ರಜೆಯ ಸೌಕರ್ಯವಾಗುವುದಕ್ಕೆ ಮೊದಲು ರಾಜ್ಯಭಾರದ ಉಪಕರಣವಾಗಿತ್ತು. ಸ್ವಾತಂತ್ರ್ಯ ಬಂದಿತು, ಸಂವಿಧಾನ ಬಂದಿತು, ಟೆಲಿಗ್ರಾಮೆಂಬ ಸೇವೆಯೇ 2013ರ ಜುಲೈ ತಿಂಗಳಲ್ಲಿ ನಿಂತುಹೋಯಿತು. ಕಾಯಿದೆ ಮಾತ್ರ ತನ್ನ ಹೆಸರಿನ ವಸ್ತುವಿಗಿಂತಲೂ ದೀರ್ಘಾಯುವಾಗಿ, 2023ರ ಡಿಸೆಂಬರಿನಲ್ಲಿ ಹೊಸ ದೂರಸಂಪರ್ಕ ಕಾಯಿದೆ ಅಂಗೀಕೃತವಾದಾಗಲೂ ಬದುಕಿತ್ತು. ನಡುವೆ, 1995ರ ಆಗಸ್ಟ್ 15ರಂದು ವಿದೇಶ್ ಸಂಚಾರ್ ನಿಗಮವು ಅಂತರ್ಜಾಲವನ್ನು ಸಾರ್ವಜನಿಕರಿಗೆ ತೆರೆದದ್ದು, 1997ರಲ್ಲಿ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಹುಟ್ಟಿದ್ದು, 1998ರ ನವೆಂಬರಿನಲ್ಲಿ ಖಾಸಗಿ ಸಂಸ್ಥೆಗಳಿಗೆ ಈ ಕ್ಷೇತ್ರದ ಬಾಗಿಲು ತೆರೆದದ್ದು, ಇವೆಲ್ಲವೂ ಆ ಹಳೆಯ ಕಾಯಿದೆ ಜಾರಿಯಲ್ಲಿರುವಾಗಲೇ ನಡೆದವು. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕ್ರಿಕೆಟ್ ಪ್ರಸಾರದ ವ್ಯಾಜ್ಯವೊಂದನ್ನು ತೀರ್ಮಾನಿಸುತ್ತ, ಆಕಾಶದ ತರಂಗಗಳು ಸಾರ್ವಜನಿಕ ಸ್ವತ್ತೆಂದು ಘೋಷಿಸಿತು. ಸ್ವತ್ತು ಸಾರ್ವಜನಿಕರದಾದ ಮೇಲೆ ಅದನ್ನು ಗುತ್ತಿಗೆ ಹಿಡಿದವನಿಗೆ ಷರತ್ತು ವಿಧಿಸುವುದು ದಬ್ಬಾಳಿಕೆಯಾಗಲಾರದು.

ಷರತ್ತಿನ ಸ್ವರೂಪ ಹೇಗಿರಬೇಕೆಂಬುದನ್ನು ಈ ಸೀಮೆಯವರಿಗೆ ಹೊರಗಿನವರು ಬಂದು ಹೇಳಿಕೊಡಬೇಕಾದ ಅಗತ್ಯವಿಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದೆ ಕೆರೆಗಳನ್ನೇ ನಂಬಿ ಬಾಳಿದ ಕೋಲಾರ, ಚಿಕ್ಕಬಳ್ಳಾಪುರ ಪ್ರಾಂತದಲ್ಲಿ ನೀರುಗಂಟಿಯೆಂಬುವನೊಬ್ಬನಿರುತ್ತಿದ್ದನು. ಕೆರೆಯ ತೂಬನ್ನು ಎತ್ತುವ, ಇಳಿಸುವ ಹಕ್ಕು ಅವನೊಬ್ಬನದು; ಅಚ್ಚುಕಟ್ಟಿನ ದೊಡ್ಡ ಹಿಡುವಳಿದಾರನಾದರೂ ತೂಬಿಗೆ ಕೈಯಿಡುವಂತಿರಲಿಲ್ಲ. ಅವನ ಪ್ರತಿಫಲ ಸುಗ್ಗಿಯಲ್ಲಿ ಕಣದ ಮೇಲೆ ಎಲ್ಲರಿಂದಲೂ ಬರುವ ಧಾನ್ಯ. ಆದುದರಿಂದ ಒಬ್ಬನ ಮುಲಾಜಿಗೆ ಬಿದ್ದು ಇನ್ನೊಬ್ಬನ ಗದ್ದೆಯನ್ನು ಒಣಗಿಸಿದರೆ ನಷ್ಟ ಅವನಿಗೂ ತಟ್ಟುತ್ತಿತ್ತು. ಆ ಏರ್ಪಾಡಿನಲ್ಲಿ ಜಾತಿಯ ಕ್ರೌರ್ಯವೂ ಸೇರಿಕೊಂಡಿತ್ತೆಂಬುದನ್ನು ಮರೆಯಲಾಗದು. ನೀರು ಹಂಚಿದವನಿಗೆ ಹಲವೆಡೆ ಸ್ವಂತದ ಗದ್ದೆಯೇ ಇರುತ್ತಿರಲಿಲ್ಲ. ಆದರೂ ಅದರ ನ್ಯಾಯಸೂತ್ರ ಗಟ್ಟಿಯಾದದ್ದು. ತಲೆಯ ಗದ್ದೆಗೆ ಹರಿದ ನೀರು ಕೊನೆಯ ಗದ್ದೆಗೂ ಹರಿಯಬೇಕು. ಮಧ್ಯದಲ್ಲಿರುವವನು ಇದು ಭತ್ತಕ್ಕೆ, ಇದು ಕಬ್ಬಿಗೆ ಎಂದು ನೀರಿಗೆ ಬೇರೆ ಬೇರೆ ಬೆಲೆ ಕಟ್ಟಕೂಡದು.

ಅಂತರ್ಜಾಲದ ಸಮತೆಯೆಂದು ಪಂಡಿತರು ಕರೆಯುವುದೂ ಇದನ್ನೇ. 2014ರ ಡಿಸೆಂಬರಿನಲ್ಲಿ ಏರ್‌ಟೆಲ್ ಸಂಸ್ಥೆಯು ಅಂತರ್ಜಾಲದ ಮೂಲಕ ಮಾಡುವ ಕರೆಗಳಿಗೆ ಪ್ರತ್ಯೇಕ ದರ ವಿಧಿಸುವುದಾಗಿ ಪ್ರಕಟಿಸಿ, ಎದ್ದ ಕೋಲಾಹಲಕ್ಕೆ ಮಣಿದು ಕೆಲವೇ ದಿನಗಳಲ್ಲಿ ಹಿಂದೆಗೆಯಿತು. ಮರುವರ್ಷದ ಫೆಬ್ರವರಿಯಲ್ಲಿ ಫೇಸ್‌ಬುಕ್, ರಿಲಯನ್ಸ್ ಕಮ್ಯುನಿಕೇಷನ್ಸ್ ಜೊತೆಗೂಡಿ, ಆಯ್ದ ಕೆಲವು ತಾಣಗಳನ್ನು ಮಾತ್ರ ಪುಕ್ಕಟೆಯಾಗಿ ತೋರಿಸುವ ಯೋಜನೆಯೊಂದನ್ನು ಆರು ರಾಜ್ಯಗಳಲ್ಲಿ ಆರಂಭಿಸಿತು. ಆಂಧ್ರ ಆ ಪಟ್ಟಿಯಲ್ಲಿತ್ತು, ಕರ್ನಾಟಕ ಇರಲಿಲ್ಲ. ಗಡಿಯಾಚೆಯ ಹಳ್ಳಿಯವನು ಹಣವಿಲ್ಲದೆ ನೋಡಬಹುದಾಗಿದ್ದ ತಾಣಕ್ಕೆ ಗಡಿಯೀಚೆಯ ಅವನ ನೆಂಟನು ಹಣ ತೆರಬೇಕಾಗಿತ್ತು. ಏನೂ ಇಲ್ಲದ ಬಡವನಿಗೆ ಅಷ್ಟಾದರೂ ಸಿಗುವುದು ಮೇಲಲ್ಲವೇ ಎಂಬುದು ಆ ಪಕ್ಷದವರ ವಾದ. ಕೇಳುವುದಕ್ಕೆ ಕರುಣೆಯಂತೆಯೇ ಇದ್ದರೂ, ಬಡವನು ಏನನ್ನು ನೋಡತಕ್ಕದ್ದೆಂಬುದನ್ನು ಶ್ರೀಮಂತನು ನಿರ್ಧರಿಸುವ ಕರುಣೆ ಅದು. ಹತ್ತು ಲಕ್ಷವನ್ನೂ ಮೀರಿದ ಇ-ಮೇಲ್ ಪತ್ರಗಳು ಟ್ರಾಯ್ ಕಚೇರಿಗೆ ಹೋದವು. 2016ರ ಫೆಬ್ರವರಿ 8ರಂದು ಆ ಪ್ರಾಧಿಕಾರವು, ನೋಡುವ ವಿಷಯವನ್ನು ಅನುಸರಿಸಿ ಬೇರೆ ಬೇರೆ ದರ ವಿಧಿಸುವುದನ್ನು ನಿಷೇಧಿಸಿ, ಉಲ್ಲಂಘಿಸಿದವರಿಗೆ ದಿನವೊಂದಕ್ಕೆ 50,000 ರೂಪಾಯಿಯಂತೆ, 50 ಲಕ್ಷದ ಮಿತಿಯವರೆಗೆ, ದಂಡವನ್ನು ಗೊತ್ತುಮಾಡಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾದ ಬೆಲೆ ಪಾತಾಳಕ್ಕಿಳಿದಾಗ, ಬಡವನ ಕೈಗೆ ಅಂತರ್ಜಾಲವನ್ನು ಮುಟ್ಟಿಸಲು ಬೇಲಿ ಹಾಕಿದ ಪುಕ್ಕಟೆ ತೋಟವೊಂದೇ ದಾರಿಯಲ್ಲವೆಂಬುದೂ ಸಿದ್ಧವಾಯಿತು.

ಅಮೆರಿಕದವರು ಅಂತರ್ಜಾಲ ಸಮತೆಯ ನಿಯಮವನ್ನು 2015ರಲ್ಲಿ ತಂದು, 2017ರಲ್ಲಿ ಕಿತ್ತು, 2024ರಲ್ಲಿ ಮತ್ತೆ ನೆಟ್ಟು, 2025ರ ಜನವರಿಯಲ್ಲಿ ನ್ಯಾಯಾಲಯದ ತೀರ್ಪಿನಿಂದ ಕಳೆದುಕೊಂಡರು. ನಮ್ಮ ನಿಯಮ ಇದ್ದಲ್ಲೇ ಇದೆ. ಈಗ ಸಂಸ್ಥೆಗಳ ವಾದ ಇನ್ನೊಂದು ದಾರಿಯಿಂದ ಬರುತ್ತಿದೆ: ಚಲನಚಿತ್ರ, ವೀಡಿಯೊಗಳನ್ನು ಹರಿಸಿ ನಮ್ಮ ತಂತಿಯನ್ನು ತುಂಬುವ ದೊಡ್ಡ ಕಂಪನಿಗಳು ಅದರ ವೆಚ್ಚದಲ್ಲಿ ಪಾಲು ಕೊಡಲಿ ಎಂದು. ಚಂದಾದಾರನು ಈಗಾಗಲೇ ತೆತ್ತಿರುವ ಡೇಟಾಕ್ಕೆ ಎರಡನೆಯ ಸಲ ಸುಂಕ ಕೇಳುವ ಈ ಬೇಡಿಕೆ ನನಗೆ ನ್ಯಾಯವೆಂದು ತೋರುವುದಿಲ್ಲ. ಅಂಥ ಶುಲ್ಕ ಚಾಲ್ತಿಯಲ್ಲಿರುವ ದಕ್ಷಿಣ ಕೊರಿಯಾದಿಂದ ಟ್ವಿಚ್ ಎಂಬ ಸೇವೆ 2024ರಲ್ಲಿ, ಖರ್ಚು ತಾಳಲಾರೆನೆಂದು ಹೇಳಿಯೇ ಹೊರಟುಹೋಯಿತು. ಕಂಬ ನೆಡುವುದೂ ತಂತಿ ಎಳೆಯುವುದೂ ದುಬಾರಿಯ ಕೆಲಸವೆಂಬುದು ನಿಜ. ಆದರೆ ದರವನ್ನು ನಿಗದಿಮಾಡುವ ಸ್ವಾತಂತ್ರ್ಯವನ್ನು ಟ್ರಾಯ್ ಬಹುಮಟ್ಟಿಗೆ ಸಂಸ್ಥೆಗಳಿಗೇ ಬಿಟ್ಟಿದೆ, 2024ರ ಜುಲೈಯಲ್ಲಿ ಮೂರು ದೊಡ್ಡ ಸಂಸ್ಥೆಗಳೂ ಒಂದೆರಡು ದಿನಗಳ ಅಂತರದಲ್ಲಿ ದರ ಏರಿಸಿದಾಗ ತಡೆದವರಾರೂ ಇರಲಿಲ್ಲ. ಸ್ಪರ್ಧಿಗಳು ಬೆರಳೆಣಿಕೆಗೆ ಇಳಿದಾಗ ಸ್ಪರ್ಧೆಯ ಹೆಸರಿನ ಔದಾರ್ಯವೂ ಇಳಿಯುತ್ತದೆ.

ಇಷ್ಟೂ ಸಂಸ್ಥೆಗಳನ್ನು ಕುರಿತ ಮಾತು. ಇನ್ನು ಸರ್ಕಾರದ ಕೈಯ ವಿಚಾರ. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪ್ರತಿಭಟನೆಯ ವೇಳೆ ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದ ಮೇಲೆ, ಆ ರಾತ್ರಿಯಿಂದ 48 ಗಂಟೆಗಳ ಕಾಲ ದಕ್ಷಿಣ ಕನ್ನಡದಲ್ಲಿ ಮೊಬೈಲ್ ಅಂತರ್ಜಾಲವನ್ನು ಸ್ಥಗಿತಗೊಳಿಸಲಾಯಿತು. ಗಲಭೆಯಲ್ಲಿ ಕಾಲಿಟ್ಟವನೂ ಇಡದವನೂ, ಔಷಧಿ ತರಿಸಬೇಕಾದವನೂ, ಊರಿಗೆ ಹಣ ಕಳುಹಿಸಬೇಕಾದ ಕೂಲಿಯೂ ಒಂದೇ ಆಜ್ಞೆಯ ಕೆಳಗೆ ಬಂದರು. ಮರುತಿಂಗಳು, 2020ರ ಜನವರಿ 10ರಂದು, ಕಾಶ್ಮೀರಕ್ಕೆ ಸಂಬಂಧಪಟ್ಟ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅನಿರ್ದಿಷ್ಟ ಕಾಲದ ಸ್ಥಗಿತ ಸಲ್ಲದೆಂದೂ, ಆಜ್ಞೆಗಳನ್ನು ಪ್ರಕಟಿಸಬೇಕೆಂದೂ ಹೇಳಿತು. ಒಂದು ಆಜ್ಞೆ ಹದಿನೈದು ದಿನಗಳನ್ನು ಮೀರಕೂಡದೆಂಬ ಮಿತಿ ಅದೇ ವರ್ಷ ನಿಯಮಕ್ಕೆ ಸೇರಿತು. 2023ರ ಹೊಸ ಕಾಯಿದೆ ಭಾಷೆಯನ್ನು ಹೊಸದು ಮಾಡಿತೇ ಹೊರತು ಸ್ಥಗಿತಗೊಳಿಸುವ ಅಧಿಕಾರವನ್ನು ಮೊಟಕುಮಾಡಲಿಲ್ಲ. ಆಜ್ಞೆ ಹೊರಡಿಸುವವರು ಗೃಹ ಇಲಾಖೆಯ ಅಧಿಕಾರಿಗಳು, ಆ ಆಜ್ಞೆಯನ್ನು ಪರಿಶೀಲಿಸುವ ಸಮಿತಿಯವರೂ ಅಧಿಕಾರಿಗಳೇ. ತೂಬನ್ನು ಇಳಿಸಿದವನ ಬಂಧುಗಳೇ ಪಂಚಾಯಿತಿಗೆ ಕೂತರೆ ಒಣಗಿದ ಗದ್ದೆಯವನಿಗೆ ಯಾವ ನಂಬಿಕೆ ಹುಟ್ಟೀತು? ನಿವೃತ್ತ ನ್ಯಾಯಾಧೀಶರೊಬ್ಬರಾದರೂ ಆ ಸಮಿತಿಯಲ್ಲಿರಬೇಕೆಂಬ ಬೇಡಿಕೆ ಅತಿಯಾದದ್ದೇನೂ ಅಲ್ಲ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿಡುವುದು ಲೇಸು. 2025ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟು, ಜಾಲತಾಣಗಳಿಂದ ಬರಹಗಳನ್ನು ತೆಗೆಸುವ ಸರ್ಕಾರದ 'ಸಹಯೋಗ್' ಪೋರ್ಟಲನ್ನು ಪ್ರಶ್ನಿಸಿ ಎಕ್ಸ್ ಕಾರ್ಪ್ ಸಲ್ಲಿಸಿದ್ದ ಅರ್ಜಿಯನ್ನು ವಜಾ ಮಾಡಿದಾಗ, ಅಂತರ್ಜಾಲದ ನಿಯಂತ್ರಣವೆಂದರೆ ಅದೇ ಎಂಬಂತೆ ಚರ್ಚೆ ನಡೆಯಿತು. ಅದು ತಂತಿಯ ಮೇಲೆ ಹರಿಯುವ ಮಾತಿನ ಪ್ರಶ್ನೆ. ತಂತಿಯನ್ನು ಎಳೆದು ಮಾರುವವನ ಕರ್ತವ್ಯದ ಪ್ರಶ್ನೆ ಬೇರೆ. ಇವೆರಡನ್ನೂ ಒಂದೇ ಮೂಟೆಗೆ ಕಟ್ಟಿದರೆ, ಮಾತಿನ ಸ್ವಾತಂತ್ರ್ಯವನ್ನು ಬಯಸುವವನು ಸಂಸ್ಥೆಗಳ ಮೇಲಣ ಎಲ್ಲ ನಿಯಮವನ್ನೂ ದ್ವೇಷಿಸತೊಡಗುತ್ತಾನೆ, ಸಂಸ್ಥೆಗಳಿಗೆ ಬೇಕಾದುದೂ ಅಷ್ಟೇ.

ಮುರುಗಮಲ್ಲಕ್ಕೆ ನೇರವಾಗಿ ಸಂಬಂಧಿಸಿದ ನಿಯಮವೊಂದುಂಟು. ಅದರ ಬಗ್ಗೆ ಸದ್ದೇ ಇಲ್ಲ. ಸೇವೆಯ ಗುಣಮಟ್ಟವನ್ನು ಕುರಿತು ಟ್ರಾಯ್ 2024ರಲ್ಲಿ ಹೊರಡಿಸಿದ ನಿಬಂಧನೆಗಳ ಪ್ರಕಾರ, ಒಂದು ಇಡೀ ಜಿಲ್ಲೆಯಲ್ಲಿ ನಾಲ್ಕು ಗಂಟೆ ಮೀರಿ ಸೇವೆ ನಿಂತರೆ ಸಂಸ್ಥೆಯು ಪ್ರಾಧಿಕಾರಕ್ಕೆ ವರದಿ ಮಾಡತಕ್ಕದ್ದು; ಇಪ್ಪತ್ತನಾಲ್ಕು ಗಂಟೆ ಮೀರಿದರೆ ಚಂದಾದಾರನಿಗೆ ಬಾಡಿಗೆಯಲ್ಲಿ ಕಡಿತವನ್ನೋ ಅವಧಿಯಲ್ಲಿ ವಿಸ್ತರಣೆಯನ್ನೋ ಕೊಡತಕ್ಕದ್ದು. ಉದ್ದೇಶ ಶ್ಲಾಘ್ಯವಾದದ್ದು, ಅಳತೆಗೋಲು ಮಾತ್ರ ನಗರದವರು ಕಡೆದದ್ದು. ಕರೆಂಟು ಹೋಗಿ ಟವರಿನ ಬ್ಯಾಟರಿ ಬರಿದಾಗುವುದು, ರಸ್ತೆ ಅಗೆಯುವವನ ಜೆಸಿಬಿ ಕೇಬಲ್ಲನ್ನು ತುಂಡರಿಸುವುದು, ಇವು ಜಿಲ್ಲೆಯನ್ನಿಡೀ ಆವರಿಸುವ ಆಪತ್ತುಗಳಲ್ಲ. ಒಂದು ಹೋಬಳಿಗೋ ನಾಲ್ಕು ಹಳ್ಳಿಗಳಿಗೋ ಬರುವ ಆಪತ್ತುಗಳು. ಹೋಬಳಿಯ ಫೋನುಗಳೆಲ್ಲ ಎರಡು ದಿನ ಸುಮ್ಮನಿದ್ದರೂ ಚಿಕ್ಕಬಳ್ಳಾಪುರದ ಪೇಟೆಯಲ್ಲಿ ಫೋನು ರಿಂಗಾಗುತ್ತಿದ್ದರೆ ಆ ನಿಬಂಧನೆಯ ಕಣ್ಣಿಗೆ ಏನೂ ಕೆಟ್ಟಿಲ್ಲ. ದರ್ಗಾದ ಎದುರು ಹೂವು, ಸಕ್ಕರೆ ಮಾರುವವನ ಕ್ಯೂಆರ್ ಫಲಕವು ಆ ದಿನಗಳಲ್ಲಿ ಬರಿಯ ರಟ್ಟು. ಯಾವ ಟವರು ಎಷ್ಟು ಹೊತ್ತಿಗೆ ನಿಂತು ಎಷ್ಟು ಹೊತ್ತಿಗೆ ಮರಳಿ ಎದ್ದಿತೆಂಬ ಲೆಕ್ಕ ಸಂಸ್ಥೆಗಳ ಬಳಿ ಇದ್ದೇ ಇರುತ್ತದೆ. ಅದನ್ನು ಹೋಬಳಿವಾರು ಪ್ರಕಟಿಸಿ, ಪರಿಹಾರವನ್ನೂ ಅದೇ ಅಳತೆಯಲ್ಲಿ ಕೊಡಿರೆಂದು ಪ್ರಾಧಿಕಾರವು ವಿಧಿಸುವುದಕ್ಕೆ ಪಾರ್ಲಿಮೆಂಟಿನಿಂದ ಹೊಸ ಕಾಯಿದೆಯೇನೂ ಬರಬೇಕಿಲ್ಲ. ಈಗಿರುವ ನಿಬಂಧನೆಯಲ್ಲಿ 'ಜಿಲ್ಲೆ' ಎಂದಿರುವಲ್ಲಿ 'ಹೋಬಳಿ' ಎಂದು ತಿದ್ದಿದರೆ ಆದೀತು.