ಶಾಲೆಯಲ್ಲಿ ಸೀಟು ಸಿಕ್ಕರೆ ಸಾಲದು: ವಿಶೇಷ ಅಗತ್ಯವುಳ್ಳ ಪುಟಾಣಿಗಳಿಗೆ ಶಿಕ್ಷಕರ ನೆರವು ಹೇಗಿರಬೇಕು?

'ಮಗುವನ್ನು ಸೇರಿಸಿಕೊಳ್ಳುತ್ತೇವೆ, ಆದರೆ ಜತೆಗೆ ಕೂರಲು ಒಬ್ಬರನ್ನು ನೀವೇ ಕಳುಹಿಸಬೇಕು.' ಆಟಿಸಂ ಅಥವಾ ಡೌನ್ ಸಿಂಡ್ರೋಮ್ ಇರುವ, ಇಲ್ಲವೇ ಮಾತು ತಡವಾದ ಮಗುವನ್ನು ಶಾಲೆಗೆ ಸೇರಿಸಲು ಹೋದ ಅನೇಕ ಪೋಷಕರಿಗೆ ಇಂಥ ಉತ್ತರ ಹೊಸದಲ್ಲ. ಸೀಟು ಸಿಕ್ಕಿತಲ್ಲ ಎಂಬ ಸಮಾಧಾನದಲ್ಲಿ ಹೆಚ್ಚಿನವರು ಮುಂದಿನ ಪ್ರಶ್ನೆ ಕೇಳುವುದೇ ಇಲ್ಲ. ಆ ತರಗತಿಯಲ್ಲಿ ಮಗುವಿಗೆ ಕಲಿಸುವವರು ಯಾರು?

ಈ ಪ್ರಶ್ನೆಗೆ ಮಹತ್ವ ಏಕೆ ಎಂಬುದನ್ನು ಅಂಕಿ-ಅಂಶಗಳೇ ಹೇಳುತ್ತವೆ. 2011ರ ಜನಗಣತಿ ಪ್ರಕಾರ, ದೇಶದಲ್ಲಿ 6 ವರ್ಷದೊಳಗಿನ ಸುಮಾರು 20.4 ಲಕ್ಷ ಮಕ್ಕಳಿಗೆ ಒಂದಲ್ಲ ಒಂದು ಬಗೆಯ ಅಂಗವೈಕಲ್ಯವಿತ್ತು. ಯುನೆಸ್ಕೋ 2019ರಲ್ಲಿ ಪ್ರಕಟಿಸಿದ ಭಾರತದ ಶಿಕ್ಷಣ ಸ್ಥಿತಿ ವರದಿ ಇನ್ನೊಂದು ಸಂಗತಿಯನ್ನು ಮುಂದಿಟ್ಟಿತು. ಅಂಗವೈಕಲ್ಯವಿರುವ 5 ವರ್ಷದ ಮಕ್ಕಳಲ್ಲಿ ನಾಲ್ಕನೇ ಮೂರರಷ್ಟು ಮಂದಿ ಯಾವುದೇ ಶಿಕ್ಷಣ ಸಂಸ್ಥೆಗೆ ಹೋಗುತ್ತಿರಲಿಲ್ಲ. ಅಂದರೆ, ನೆರವು ಹೆಚ್ಚು ಫಲ ಕೊಡುವ ವಯಸ್ಸಿನಲ್ಲೇ ಈ ಮಕ್ಕಳು ಮನೆಯಲ್ಲಿ ಉಳಿಯುತ್ತಿದ್ದರು.

ಕಾನೂನು ಏನು ಹೇಳುತ್ತದೆ?

ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ರೂಪುಗೊಂಡು, 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಹಳೆಯ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಿದ್ದವು. ಈಗ ಆ ಪಟ್ಟಿಯಲ್ಲಿ 21 ಇವೆ. ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆ, ಮಾತು ಮತ್ತು ಭಾಷೆಯ ತೊಂದರೆಗಳೂ ಅದರೊಳಗೆ ಸೇರಿವೆ.

ಈ ಕಾಯ್ದೆಯ 16ನೇ ಸೆಕ್ಷನ್ ಪೋಷಕರು ನೆನಪಿಡಬೇಕಾದದ್ದು. ಸರ್ಕಾರದ ಅನುದಾನ ಪಡೆದ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ತಾರತಮ್ಯವಿಲ್ಲದೆ ಮಗುವನ್ನು ಸೇರಿಸಿಕೊಳ್ಳಬೇಕು, ಅಗತ್ಯಕ್ಕೆ ತಕ್ಕ ಅನುಕೂಲ ಕಲ್ಪಿಸಬೇಕು, ವೈಯಕ್ತಿಕ ಬೆಂಬಲ ನೀಡಬೇಕು, ಪ್ರತಿ ಮಗುವಿನ ಪ್ರಗತಿಯನ್ನು ಗಮನಿಸಬೇಕು ಎನ್ನುತ್ತದೆ ಅದು. ಮಾನ್ಯತೆ ಪಡೆದ ಖಾಸಗಿ ಶಾಲೆಗಳಿಗೂ ಇದು ಅನ್ವಯ. ಶೇ 40ರಷ್ಟು ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳಿಗೆ ನೆರೆಹೊರೆಯ ಶಾಲೆಯಲ್ಲಿ ಅಥವಾ ತಮ್ಮ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಆದರೆ 16ನೇ ಸೆಕ್ಷನ್‌ನಲ್ಲಿ ಇಂಥ ಶೇಕಡಾವಾರು ಮಿತಿ ಇಲ್ಲ.

ಒಬ್ಬ ವಿಶೇಷ ಶಿಕ್ಷಕರಿಗೆ ಎಷ್ಟು ಮಕ್ಕಳು?

ಸಾಮಾನ್ಯ ಶಾಲೆಗಳಲ್ಲಿ ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ ಒಬ್ಬರು, ಅದಕ್ಕಿಂತ ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಇರಬೇಕು ಎಂದು ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಹೇಳಿತು. ಆ ಬಳಿಕವೂ ರಾಜ್ಯಗಳಲ್ಲಿ ಕಾಯಂ ನೇಮಕ ಕುಂಟುತ್ತಲೇ ಸಾಗಿತು. ಹೀಗಾಗಿ 2025ರ ಮಾರ್ಚ್‌ನಲ್ಲಿ ಇದೇ ಪ್ರಕರಣದಲ್ಲಿ, ಹುದ್ದೆಗಳನ್ನು ಮಂಜೂರು ಮಾಡಿ ನೇಮಕ ಮಾಡಿಕೊಳ್ಳುವಂತೆ ನ್ಯಾಯಾಲಯ ರಾಜ್ಯಗಳಿಗೆ ಮತ್ತೆ ಸೂಚಿಸಬೇಕಾಯಿತು.

ವಿಶೇಷ ಶಿಕ್ಷಕರಾಗಲು ಮಕ್ಕಳ ಮೇಲೆ ಪ್ರೀತಿ ಇದ್ದರಷ್ಟೇ ಸಾಲದು. ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ವಿಶೇಷ ಶಿಕ್ಷಣದ ಡಿಪ್ಲೊಮಾ ಅಥವಾ ಬಿ.ಎಡ್ ಮುಗಿಸಿ, ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿರಬೇಕು. ಆ ನೋಂದಣಿ ಸಂಖ್ಯೆಯನ್ನು ಶಾಲೆಯಲ್ಲಿ ಕೇಳುವುದಕ್ಕೆ ಸಂಕೋಚ ಬೇಡ.

ತರಗತಿಯಲ್ಲಿ ಅವರು ಮಾಡುವುದೇನು?

ಮಗುವನ್ನು ಬೇರೆ ಕೋಣೆಗೆ ಕರೆದೊಯ್ದು ಬಣ್ಣ ಹಚ್ಚಿಸುವುದೇ ವಿಶೇಷ ಶಿಕ್ಷಕರ ಕೆಲಸ ಎಂಬ ಕಲ್ಪನೆ ಹಲವರಲ್ಲಿದೆ. ಕೆಲವು ಕೌಶಲಗಳಿಗೆ ಒಂದಿಷ್ಟು ಹೊತ್ತು ಪ್ರತ್ಯೇಕ ಪಾಠ ಬೇಕಾಗುತ್ತದೆ, ನಿಜ. ಆದರೆ ದಿನದ ಹೆಚ್ಚಿನ ಹೊತ್ತು ಮಗು ಉಳಿದ ಮಕ್ಕಳ ಜತೆಗೇ ಕಲಿಯುವಂತೆ ತರಗತಿಯನ್ನು ಸಜ್ಜುಗೊಳಿಸುವುದು ಅವರ ಮುಖ್ಯ ಹೊಣೆ. ಇದನ್ನು ಅವರು ತರಗತಿ ಶಿಕ್ಷಕರ ಜತೆ ಕೂತು ಯೋಜಿಸುತ್ತಾರೆ.

ಇದಕ್ಕೆ ದುಬಾರಿ ಉಪಕರಣಗಳೇ ಬೇಕೆಂದಿಲ್ಲ. ಆಟಿಸಂ ಇರುವ ಮಗುವಿಗೆ ಮುಂದೇನು ನಡೆಯುತ್ತದೆ ಎಂಬುದು ತಿಳಿಯದಿದ್ದರೆ ಗಾಬರಿ ಹೆಚ್ಚಬಹುದು. ಪ್ರಾರ್ಥನೆ, ಪಾಠ, ಊಟ, ಆಟ, ಮನೆ ಎಂದು ದಿನಚರಿಯನ್ನು ಚಿತ್ರಗಳಲ್ಲಿ ಗೋಡೆಗೆ ಅಂಟಿಸಿದರೆ ಆ ಗಾಬರಿ ತಗ್ಗುತ್ತದೆ. ಶ್ರವಣ ಸಾಧನ ಹಾಕಿದ ಮಗು ಇರುವ ತರಗತಿಯಲ್ಲಿ ಶಿಕ್ಷಕರು ಬೋರ್ಡಿನ ಕಡೆ ತಿರುಗಿ ಮಾತನಾಡಬಾರದು, ಮಗುವಿಗೆ ಮುಖ ಕಾಣುವಂತೆ ನಿಲ್ಲಬೇಕು. ಸೆರೆಬ್ರಲ್ ಪಾಲ್ಸಿಯಿಂದ ಕೈ ಹಿಡಿತ ಕಡಿಮೆಯಿದ್ದರೆ ದಪ್ಪ ಪೆನ್ಸಿಲ್ ಕೊಡಬಹುದು, ಬರೆಯುವ ಬದಲು ಬೆರಳಿನಿಂದ ತೋರಿಸಿ ಉತ್ತರಿಸಲು ಬಿಡಬಹುದು. ಒಂದೆಡೆ ಕೂರಲಾಗದ ಮಗುವಿಗೆ ಕೆಲಸವನ್ನು ಸಣ್ಣ ಸಣ್ಣ ತುಂಡುಗಳಾಗಿ ಕೊಟ್ಟು, ನಡುವೆ ಪುಸ್ತಕ ಹಂಚುವಂಥ ಓಡಾಟದ ಕೆಲಸ ವಹಿಸಬಹುದು. ಚಿತ್ರದ ದಿನಚರಿ, ಸಣ್ಣ ಸೂಚನೆಗಳಿಂದ ತರಗತಿಯ ಉಳಿದ ಮಕ್ಕಳಿಗೂ ಅನುಕೂಲವೇ.

ವೈಯಕ್ತಿಕ ಶಿಕ್ಷಣ ಯೋಜನೆ ಎಂದರೇನು?

ಶಾಲೆಗಳಲ್ಲಿ ಇದನ್ನು ಐಇಪಿ ಎನ್ನುತ್ತಾರೆ. ಮಗು ಈಗ ಏನು ಮಾಡಬಲ್ಲದು, ಮುಂದಿನ ಕೆಲವು ತಿಂಗಳಲ್ಲಿ ಏನು ಕಲಿಯಬೇಕು, ಯಾರು ಹೇಗೆ ಕಲಿಸುತ್ತಾರೆ, ಪ್ರಗತಿಯನ್ನು ಯಾವಾಗ ನೋಡುತ್ತಾರೆ ಎಂಬುದೆಲ್ಲ ಇದರಲ್ಲಿ ಬರಹ ರೂಪದಲ್ಲಿರುತ್ತದೆ. ಪೋಷಕರೂ ಕೂತು ಒಪ್ಪಿದ ಮೇಲೆ ಇದು ಅಂತಿಮವಾಗಬೇಕು.

'ಮಾತು ಸುಧಾರಿಸಬೇಕು' ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. 'ದಸರೆ ರಜೆಯೊಳಗೆ, ಬಾಯಾರಿದಾಗ 10ರಲ್ಲಿ 8 ಸಲ ಪದ ಹೇಳಿ ಅಥವಾ ಚಿತ್ರದ ಕಾರ್ಡ್ ತೋರಿಸಿ ನೀರು ಕೇಳಬೇಕು' ಎಂದಿದ್ದರೆ ಅದು ಗುರಿ. ಅದು ಈಡೇರಿತೋ ಇಲ್ಲವೋ ಎಂಬುದನ್ನು ಶಿಕ್ಷಕರೂ ಪೋಷಕರೂ ನೋಡಬಹುದು.

ಶ್ಯಾಡೋ ಟೀಚರ್ ಬೇಕೇ?

ಇಡೀ ದಿನ ಮಗುವಿನ ಪಕ್ಕದಲ್ಲಿ ಕೂರುವ ಸಹಾಯಕರನ್ನು ಶ್ಯಾಡೋ ಟೀಚರ್ ಎನ್ನುತ್ತಾರೆ. ಅನೇಕ ಖಾಸಗಿ ಶಾಲೆಗಳಲ್ಲಿ ಅವರ ಸಂಬಳ ಪೋಷಕರ ತಲೆಗೇ ಬರುತ್ತದೆ. ಕೆಲವು ಮಕ್ಕಳಿಗೆ, ಅದರಲ್ಲೂ ಶಾಲೆಯ ಮೊದಲ ದಿನಗಳಲ್ಲಿ, ಈ ನೆರವು ಬೇಕೇ ಬೇಕು. ತೊಂದರೆ ಶುರುವಾಗುವುದು ತರಗತಿ ಶಿಕ್ಷಕರು 'ಆ ಮಗುವನ್ನು ನೋಡಿಕೊಳ್ಳಲು ಅವರಿದ್ದಾರಲ್ಲ' ಎಂದು ಕೈಬಿಟ್ಟಾಗ. ಆಗ ಮಗು ಶಿಕ್ಷಕರ ಮುಖ ನೋಡುವುದನ್ನು, ಗೆಳೆಯರ ಜತೆ ಬೆರೆಯುವುದನ್ನು ಬಿಟ್ಟು ಪಕ್ಕದಲ್ಲಿರುವವರಿಗೇ ಅಂಟಿಕೊಳ್ಳುತ್ತದೆ. ಸಹಾಯಕರು ಇರಲಿ, ಆದರೆ ಅವರ ನೆರವನ್ನು ಹಂತ ಹಂತವಾಗಿ ಕಡಿಮೆ ಮಾಡುವ ಯೋಜನೆ ಐಇಪಿಯಲ್ಲೇ ಇರಲಿ.

ಮನೆಯಲ್ಲಿ ಕನ್ನಡ ಬಿಡಬೇಕೇ?

ಹೊರನಾಡಿನ ಕನ್ನಡ ಕುಟುಂಬಗಳನ್ನು ಕಾಡುವ ಪ್ರಶ್ನೆ ಇದು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಆಟದ ಮೈದಾನದಲ್ಲಿ ಮರಾಠಿಯೋ ತಮಿಳೋ ತೆಲುಗೋ ಹಿಂದಿಯೋ. ಮಾತು ತಡವಾದ ಕೂಡಲೇ 'ಮನೆಯಲ್ಲೂ ಇಂಗ್ಲಿಷೇ ಮಾತಾಡಿ, ಮಗುವಿಗೆ ಗೊಂದಲ ಬೇಡ' ಎಂಬ ಸಲಹೆ ಬರುತ್ತದೆ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಮಾತಿನ ತೊಂದರೆ ಹುಟ್ಟುತ್ತದೆ ಅಥವಾ ಹೆಚ್ಚುತ್ತದೆ ಎಂಬುದಕ್ಕೆ ಸಂಶೋಧನೆಯ ಆಧಾರವಿಲ್ಲ. ಆಟಿಸಂ ಇರುವ ಮಕ್ಕಳ ಕುರಿತ ಅಧ್ಯಯನಗಳೂ ಇದನ್ನೇ ಹೇಳಿವೆ. ಅಜ್ಜಿ-ತಾತ ಕನ್ನಡದಲ್ಲಿ ಮಾತನಾಡಿಸುವುದನ್ನು ನಿಲ್ಲಿಸಿದರೆ ಮಗುವಿಗೆ ದಿನವಿಡೀ ಸಿಗುತ್ತಿದ್ದ ಮಾತಿನ ಒಡನಾಟವೇ ಕಡಿಮೆಯಾಗುತ್ತದೆ. ಹಾಗಾಗಿ ಮನೆಯಲ್ಲಿ ಬಳಸುವ 'ನೀರು', 'ಊಟ', 'ಸಾಕು', 'ಬೇಡ'ದಂಥ ಪದಗಳ ಪಟ್ಟಿಯೊಂದನ್ನು ಉಚ್ಚಾರಣೆ ಸಮೇತ ಶಿಕ್ಷಕರಿಗೆ ಕೊಡಿ.

ಶಾಲೆಯ ಭಾಷಾ ವಿಷಯಗಳು ಹೊರೆಯಾದರೆ ಅದಕ್ಕೂ ದಾರಿಯಿದೆ. ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ, ಪರೀಕ್ಷೆಗೆ ಹೆಚ್ಚುವರಿ ಸಮಯದಂಥ ಬದಲಾವಣೆಗಳನ್ನು 2016ರ ಕಾಯ್ದೆಯ 17ನೇ ಸೆಕ್ಷನ್ ಹೆಸರಿಸಿದೆ. ಇದರ ನಿಯಮ ಆಯಾ ರಾಜ್ಯ ಮತ್ತು ಪರೀಕ್ಷಾ ಮಂಡಳಿಗೆ ತಕ್ಕಂತೆ ಬದಲಾಗುತ್ತದೆ.

ಅಡ್ಮಿಷನ್‌ಗೆ ಮುನ್ನ ಕೇಳಬೇಕಾದ 5 ಪ್ರಶ್ನೆಗಳು

1. ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾದ ವಿಶೇಷ ಶಿಕ್ಷಕರು ಪೂರ್ಣಾವಧಿಗೆ ಇದ್ದಾರೆಯೇ? ಅವರ ಬಳಿ ಎಷ್ಟು ಮಕ್ಕಳಿದ್ದಾರೆ?
2. ಮಗು ದಿನಕ್ಕೆ ಎಷ್ಟು ಹೊತ್ತು ಸಾಮಾನ್ಯ ತರಗತಿಯಲ್ಲಿ ಇರುತ್ತದೆ?
3. ಐಇಪಿ ಯಾವಾಗ ಸಿದ್ಧವಾಗುತ್ತದೆ? ಅದರ ಪ್ರತಿ ನಮಗೆ ಸಿಗುತ್ತದೆಯೇ?
4. ತರಗತಿ ಶಿಕ್ಷಕರಿಗೆ ಈ ಬಗ್ಗೆ ತರಬೇತಿ ಆಗಿದೆಯೇ?
5. ಶೌಚಾಲಯ, ಊಟ, ಶಾಲಾ ವಾಹನದಲ್ಲಿ ಮಗುವಿಗೆ ನೆರವಾಗುವವರು ಯಾರು?

ತಪಾಸಣೆ ಎಲ್ಲಿ? ದೂರು ಯಾರಿಗೆ?

ಮಗುವಿನ ಬೆಳವಣಿಗೆಯ ಬಗ್ಗೆ ಅನುಮಾನವಿದ್ದರೆ 'ದೊಡ್ಡವನಾದಂತೆ ಸರಿಹೋಗುತ್ತಾನೆ' ಎಂದು ಕಾಯಬೇಡಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ, ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಲ್ಲಿ ತಪಾಸಣೆ ಉಚಿತ. ಮುಂಬೈನ ಬಾಂದ್ರಾದಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್ ಮತ್ತು ಶ್ರವಣ ಸಂಸ್ಥೆ, ಹೈದರಾಬಾದ್‌ಗೆ ಹೊಂದಿಕೊಂಡ ಸಿಕಂದರಾಬಾದ್‌ನಲ್ಲಿ ಬೌದ್ಧಿಕ ಅಂಗವೈಕಲ್ಯದ ರಾಷ್ಟ್ರೀಯ ಸಂಸ್ಥೆ, ಚೆನ್ನೈ ಸಮೀಪದ ಮುಟ್ಟುಕಾಡಿನಲ್ಲಿ ಬಹು ಅಂಗವೈಕಲ್ಯದ ರಾಷ್ಟ್ರೀಯ ಸಂಸ್ಥೆ ಇವೆ. ರಜೆಗೆ ಊರಿಗೆ ಬಂದಾಗ ಕನ್ನಡದಲ್ಲೇ ಮಾತಿನ ಪರೀಕ್ಷೆ ಮಾಡಿಸಲು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಅಂಗವೈಕಲ್ಯದ ಕಾರಣ ಕೊಟ್ಟು ಶಾಲೆ ಪ್ರವೇಶ ನಿರಾಕರಿಸಿದರೆ ಆ ಉತ್ತರವನ್ನು ಲಿಖಿತವಾಗಿ ಕೇಳಿ. ಅದನ್ನಿಟ್ಟುಕೊಂಡು ಶಿಕ್ಷಣ ಇಲಾಖೆಗೆ ಅಥವಾ ನೀವಿರುವ ರಾಜ್ಯದ ವಿಕಲಚೇತನರ ಆಯುಕ್ತರಿಗೆ ದೂರು ನೀಡಬಹುದು. ಇಂಥ ದೂರುಗಳ ವಿಚಾರಣೆ ನಡೆಸುವ ಅಧಿಕಾರವನ್ನು 2016ರ ಕಾಯ್ದೆ ಆಯುಕ್ತರಿಗೆ ನೀಡಿದೆ.